ಹಕ್ಕಿಯ ಕಣ್ಣೊಳಗೊಂದು ಕೆರೆ

ಅದರ ಉದ್ದ ಮೂರು-ನಾಲ್ಕು ಮಿಲಿಮೀಟರ್. ಚಪ್ಪಟೆ ಮೈ. ಬಾಯಿಯ ಸುತ್ತ ಒಂದು ಹೀರುಬಟ್ಟಲು, ಹೊಟ್ಟೆಯ ಮೇಲೆ ಇನ್ನೊಂದು. ಕಾಲಿಲ್ಲ, ರೆಕ್ಕೆಯಿಲ್ಲ, ಕಣ್ಣಿಲ್ಲ. ಇಂಥ ಜೀವಿ ಮನೆ ಮಾಡಿಕೊಂಡಿರುವುದು ಎಲ್ಲಿ ಗೊತ್ತೇ? ಹಕ್ಕಿಯ ಕಣ್ಣಿನಲ್ಲಿ! ಬಾತು, ಹೆಬ್ಬಾತು, ಹದ್ದು, ಕೋಳಿ, ಕೊನೆಗೆ ಉಷ್ಟ್ರಪಕ್ಷಿಯ ಕಣ್ಣಿನಲ್ಲೂ ರೆಪ್ಪೆಯ ಮರೆಯಲ್ಲಿ, ಕಣ್ಣೀರಿನ ತೆಳುವಾದ ನೀರಿನಲ್ಲಿ ಅದು ಉಣ್ಣುತ್ತದೆ, ಕೂಡುತ್ತದೆ, ಮೊಟ್ಟೆಯಿಡುತ್ತದೆ.

ಇನ್ನೂ ಇದೆ. ಆ ಕುರುಡು ಹುಳುವಿನ ಮೊಟ್ಟೆಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಪಾರದರ್ಶಕ ಚಿಪ್ಪಿನೊಳಗಿಂದ ಒಂದು ಕಪ್ಪು ಗುರುತು ಎದ್ದು ಕಾಣುತ್ತದೆ. ಅದು ಮರಿಯ ಕಣ್ಣು. ತಾಯಿಗಿಲ್ಲದ ಕಣ್ಣು ಮೊಟ್ಟೆಯೊಳಗಿನ ಮರಿಗಿದೆ! ಆ ಮರಿಯ ಮೈಯೊಳಗೆ ಅದರ ಮುಂದಿನ ತಲೆಮಾರೂ ಆಗಲೇ ರೂಪುಗೊಂಡು ಕುಳಿತಿದೆ. ತಾಯಿಯೊಳಗೆ ಮೊಟ್ಟೆ, ಮೊಟ್ಟೆಯೊಳಗೆ ಮರಿ, ಮರಿಯೊಳಗೆ ಮೊಮ್ಮಗು. ಮೂರು ತಲೆಮಾರು ಒಂದು ಬಾತಿನ ಒಂದೇ ಕಣ್ಣಿನಲ್ಲಿ!

ಇದನ್ನು ತಿಳಿದ ಮೇಲೆ ಬೋನಾಳದ ಕೆರೆ ನನಗೆ ಮೊದಲಿನ ಕೆರೆಯಾಗಿ ಉಳಿಯಲಿಲ್ಲ.

ಸುರಪುರದವರಿಗೆ ಬೋನಾಳವನ್ನು ಪರಿಚಯಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ರಂಗನತಿಟ್ಟನ್ನು ಬಿಟ್ಟರೆ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮವೆಂದು ಹೆಸರಾಗಿರುವುದು ಯಾದಗಿರಿ ಜಿಲ್ಲೆಯ ಈ ಕೆರೆ. ಸುರಪುರವನ್ನಾಳಿದ ಬೇಡ ನಾಯಕ ಮನೆತನದ ಪಾಮನಾಯಕನ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ ಕೆರೆಯಿದು. 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಇದನ್ನು ಹಿಗ್ಗಿಸಿದ. ಸುರಪುರದ ಗುಡ್ಡದ ಮೇಲೆ ಅವನ ಹೆಸರಿನ ಬಂಗಲೆ ಇಂದಿಗೂ ಇದೆ. ಹೊಲಕ್ಕೆ ನೀರು ಬೇಕೆಂದು ಕಟ್ಟಿದ ಏರಿಗೆ ಯಾರೂ ಕರೆಯದೆಯೇ ಹಕ್ಕಿಗಳು ಬಂದವು. ನೇರಳೆ ಜಂಬುಕೋಳಿ, ಕೆನ್ನೀಲಿ ಬಕ, ನೀರುಕಾಗೆ, ಗುಳುಮುಳುಕ, ನಾಮದ ಕೋಳಿ, ಬಣ್ಣದ ಕೊಕ್ಕರೆ, ಚಳಿಗಾಲಕ್ಕೆ ದೂರದ ನಾಡಿನ ಬಾತುಗಳು. ನಾವು ದುರ್ಬೀನು ಹಿಡಿದು ಹೋಗಿ ಅವುಗಳ ಬಣ್ಣ ನೋಡುತ್ತೇವೆ, ರೆಕ್ಕೆ ನೋಡುತ್ತೇವೆ, ಪಟ್ಟಿ ಬರೆದುಕೊಳ್ಳುತ್ತೇವೆ. ಕಣ್ಣು ನೋಡುತ್ತೇವೆಯೇ?

ನೋಡಿ! ಹಕ್ಕಿಗೆ ಮೂರು ರೆಪ್ಪೆ. ಮೇಲೊಂದು, ಕೆಳಗೊಂದು, ಮೂರನೆಯದು ಕೊಕ್ಕಿನ ಕಡೆಯ ಮೂಲೆಯಲ್ಲಿ ಮಡಚಿಟ್ಟ ತೆಳ್ಳನೆಯ ಪೊರೆ. ಹಕ್ಕಿ ಕಣ್ಣು ಮಿಟುಕಿಸುವುದು ಹೆಚ್ಚಾಗಿ ಈ ಮೂರನೆಯದರಿಂದಲೇ. ಅದು ಅಡ್ಡಡ್ಡ ಸರಿದು ಕಣ್ಣುಗುಡ್ಡೆಯನ್ನು ಒರೆಸಿ ಮತ್ತೆ ಮೂಲೆ ಸೇರುತ್ತದೆ. ಪ್ರತಿ ಸಲವೂ ಕಣ್ಣಿನ ಮೇಲೆ ಹೊಸ ನೀರು ಹರಡುತ್ತದೆ, ಹಳೆಯ ನೀರು ಮೂಲೆಯ ಸಣ್ಣ ತೂಬಿನ ಮೂಲಕ ಮೂಗಿನತ್ತ, ಅಲ್ಲಿಂದ ಬಾಯಿಯತ್ತ ಇಳಿಯುತ್ತದೆ. ನೀರು ಬರುವ ದಾರಿಯಿದೆ, ನಿಲ್ಲುವ ಜಾಗವಿದೆ, ಹೊರಹೋಗುವ ಕಾಲುವೆಯಿದೆ. ಬೆಚ್ಚಗಿದೆ, ಉಪ್ಪಿದೆ, ಎಂದೂ ಬತ್ತುವುದಿಲ್ಲ. ಬೇಸಿಗೆಯಲ್ಲಿ ಬೋನಾಳವೇ ಸೊರಗಿದರೂ ಅಲ್ಲಿ ನಿಂತ ಬಕದ ಕಣ್ಣಿನ ನೀರು ಸೊರಗದು. ಈ ಮೂರನೆಯ ರೆಪ್ಪೆಯ ಹಿಂದಿನ ಮಡಿಕೆಯೇ ನಮ್ಮ ಹುಳುವಿನ ಊರು.

ವಿಜ್ಞಾನ ಇದನ್ನು ಫಿಲಾಫ್ಥಾಲ್ಮಸ್ ಎಂಬ ಕುಲಕ್ಕೆ ಸೇರಿಸಿದೆ. ಈ ಬಳಗದ ಹುಳುಗಳು ಮನುಷ್ಯನ ಕಣ್ಣಿಗೆ ಬಿದ್ದು ಇನ್ನೂರು ವರ್ಷ ಕಳೆದಿದೆ. 1819ರಲ್ಲಿ ರುಡಾಲ್ಫಿ ಎಂಬ ವಿಜ್ಞಾನಿ ಯುರೋಪಿನ ಕಡಲಹಕ್ಕಿಯ ಕಣ್ಣಲ್ಲಿ ಸಿಕ್ಕ ಹುಳುವನ್ನು ವರ್ಣಿಸಿದ. 1899ರಲ್ಲಿ ಲೂಸ್ ಎಂಬಾತ ಈಜಿಪ್ಟಿನ ಹಕ್ಕಿಗಳ ಕಣ್ಣಲ್ಲಿ ಸಿಕ್ಕ ಹುಳುವನ್ನಿಟ್ಟುಕೊಂಡು ಕುಲವನ್ನೇ ಸ್ಥಾಪಿಸಿದ. 1910ರಲ್ಲಿ ವಿಯೆಟ್ನಾಮಿನ ಹನೋಯ್‌ನಲ್ಲಿ ಮಾಥಿಸ್ ಮತ್ತು ಲೆಜೆ ಎಂಬ ಫ್ರೆಂಚರು ಊರಕೋಳಿಗಳ ಕಣ್ಣಲ್ಲಿ ಕಂಡದ್ದು ಇಂದು ಪ್ರಪಂಚದಾದ್ಯಂತ ಹೆಸರಾಗಿರುವ ಫಿಲಾಫ್ಥಾಲ್ಮಸ್ ಗ್ರಾಲಿ. ಪೂರ್ವದೇಶಗಳ ಹಕ್ಕಿಗಣ್ಣಿನ ಹುಳು ಎಂದೇ ಅದಕ್ಕೆ ಖ್ಯಾತಿ.

ಇನ್ನು ನಮ್ಮ ನೆಲಕ್ಕೆ ಬನ್ನಿ. ಹಕ್ಕಿಗಣ್ಣಿನ ಭಾರತೀಯ ಹುಳುವೊಂದಕ್ಕೆ 1954ರಲ್ಲಿ ಜೈಸ್ವಾಲ್ ಮತ್ತು ಸಿಂಗ್ ಎಂಬಿಬ್ಬರು ಫಿಲಾಫ್ಥಾಲ್ಮಸ್ ಇಂಡಿಕಸ್ ಎಂದು ಹೆಸರಿಟ್ಟರು. ಅದೂ ಹನೋಯ್‌ನ ಹುಳುವೂ ಒಂದೇ ಎಂದು ಮುಂದೆ ಹಲವರು ವಾದಿಸಿದರು. ಇದೇ ಜೈಸ್ವಾಲ್ 1957ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರದ ಪತ್ರಿಕೆಯೊಂದರಲ್ಲಿ ದೊಡ್ಡ ಪ್ರಬಂಧ ಪ್ರಕಟಿಸಿದರು. ವಿಷಯ: ಹೈದರಾಬಾದ್ ರಾಜ್ಯದ ಮೀನು ಮತ್ತು ಹಕ್ಕಿಗಳ ಮೈಯೊಳಗಿನ ಚಪ್ಪಟೆ ಹುಳುಗಳು. ಹೈದರಾಬಾದ್ ರಾಜ್ಯ! 1956ರ ನವೆಂಬರ್ 1ರವರೆಗೆ ಯಾದಗಿರಿ, ಶಹಾಪುರ, ಸುರಪುರ ಇದ್ದದ್ದು ಅದೇ ರಾಜ್ಯದಲ್ಲಿ, ಗುಲಬರ್ಗಾ ಜಿಲ್ಲೆಯ ಭಾಗವಾಗಿ. ನಮ್ಮ ಹಿರಿಯರು ನಿಜಾಮನ ಆಳ್ವಿಕೆ ಮುಗಿಯಿತೆಂದು ಉಸಿರು ಬಿಟ್ಟು, ಕರ್ನಾಟಕ ಸೇರುವ ದಿನಕ್ಕಾಗಿ ಕಾಯುತ್ತಿದ್ದ ಆ ವರ್ಷಗಳಲ್ಲೇ ಇದೇ ರಾಜ್ಯದಲ್ಲಿ ಒಬ್ಬರು ಹಕ್ಕಿಗಳ ಒಡಲೊಳಗಿನ ಲೋಕವನ್ನು ಗಾಜಿನ ಪಟ್ಟಿಯ ಮೇಲೆ ಬಿಡಿಸಿಡುತ್ತಿದ್ದರು. ಎಂಥ ತಾಳ್ಮೆ ಬೇಕು ಅದಕ್ಕೆ! ಈ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಎಲ್ಲೂ ಬರಲಿಲ್ಲವಲ್ಲ ಎಂಬುದು ನನ್ನ ನಿಜವಾದ ಕೊರಗು.

ಈಗ ಪಯಣ ಶುರುವಾಗುತ್ತದೆ. ಇದರಷ್ಟು ಸಾಹಸದ ಪಯಣವನ್ನು ನಾನು ಬೇರೆಲ್ಲೂ ಓದಿಲ್ಲ.

ಬಾತು ಮೇವಿಗಾಗಿ ತಲೆಯನ್ನು ನೀರಿಗೆ ಅದ್ದುತ್ತದೆ. ಕಣ್ಣಿನ ಮೊಟ್ಟೆಗಳು ಕೆರೆಯ ನೀರಿಗೆ ಜಾರುತ್ತವೆ. ಎಷ್ಟೋ ಹುಳುಗಳ ಮೊಟ್ಟೆಗೆ ನೀರಿನಲ್ಲಿ ದಿನಗಟ್ಟಲೆ, ವಾರಗಟ್ಟಲೆ ಕಾವು ಬೇಕು. ಇದಕ್ಕೆ ಅದೇನೂ ಬೇಡ. ಕೆರೆನೀರು ಸೋಕಿದ ಕೂಡಲೇ ಚಿಪ್ಪು ಬಿರಿದು ಮರಿ ಹೊರಬಿದ್ದು, ಮೈಮೇಲಿನ ರೋಮಗಳನ್ನು ಬಡಿಯುತ್ತ ಈಜತೊಡಗುತ್ತದೆ. ಆ ಕಪ್ಪು ಕಣ್ಣು ಬೇಕಾಗಿದ್ದುದು ಈ ಕ್ಷಣಕ್ಕೆ, ಬೆಳಕು ಯಾವ ದಿಕ್ಕಿಗಿದೆ ಎಂದು ತಿಳಿಯಲು. 1968ರಲ್ಲಿ ಐಸರಾಫ್ ಮತ್ತು ಕೇಬಲ್ ಎಂಬ ವಿಜ್ಞಾನಿಗಳು ಈ ಬಳಗದ ಅಮೆರಿಕದ ಹುಳುವೊಂದರ ಮರಿಗಣ್ಣನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಒಳರಚನೆಯನ್ನು ಚಿತ್ರಿಸಿದರು. ಬರಿಗಣ್ಣಿಗೆ ಕಾಣದ ಜೀವಿ, ಅದಕ್ಕೊಂದು ಕಣ್ಣು, ಆ ಕಣ್ಣಿನೊಳಗೂ ಬೆಳಕು ಹಿಡಿಯುವ ಅಚ್ಚುಕಟ್ಟಾದ ಕೋಶಗಳು!

ಆಯಸ್ಸು ಕೆಲವೇ ಗಂಟೆ. ಅಷ್ಟರೊಳಗೆ ಅದು ಒಂದು ಬಸವನಹುಳುವನ್ನು ಹುಡುಕಲೇಬೇಕು. ಯಾವುದೋ ಒಂದಾದರೆ ಸಾಲದು. ಬೇಕಾದದ್ದು ಉದ್ದನೆಯ, ಚೂಪುತುದಿಯ, ಸುರುಳಿ ಸುರುಳಿಯಾದ ಚಿಪ್ಪಿನ ಮೆಲನಾಯ್ಡಿಸ್ ಟ್ಯುಬರ್‌ಕ್ಯುಲೇಟಾ ಅಥವಾ ಅದರ ಹತ್ತಿರದ ನೆಂಟ. ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು ಇದನ್ನು ಕಾಲಡಿಯಲ್ಲಿ ತುಳಿದೇ ಇರುತ್ತಾರೆ. ದಕ್ಷಿಣ ಭಾರತದ ಕೆರೆ, ಕಾಲುವೆ, ಹಳ್ಳಗಳಲ್ಲಿ ಅಷ್ಟು ಸಾಮಾನ್ಯ. ಹಗಲಲ್ಲಿ ಮರಳಿನಲ್ಲಿ ಹೂತು ಮಲಗಿ ರಾತ್ರಿ ಮೇಯಲು ಹೊರಡುತ್ತದೆ. ಗಂಡಿನ ಹಂಗಿಲ್ಲದೆ ಹೆಣ್ಣೇ ಮರಿ ಹಾಕುತ್ತದೆ. ಒಂದೇ ಒಂದು ಬಸವನಹುಳು ಹೊಸ ಕಾಲುವೆ ಸೇರಿದರೂ ಸಾಕು, ಅಲ್ಲೊಂದು ಸಂಸಾರ ಬೆಳೆಯುತ್ತದೆ. ಡೆನ್ಮಾರ್ಕಿನ ಮುಲ್ಲರ್ 1774ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ ಅವನ ಮುಂದಿದ್ದ ಚಿಪ್ಪುಗಳು ನಮ್ಮ ಕೋರಮಂಡಲ ಕರಾವಳಿಯವು. ಈ ನಮ್ಮ ಬಸವನಹುಳು ಅಕ್ವೇರಿಯಂ ಗಿಡಗಳ ವ್ಯಾಪಾರದ ಜೊತೆ ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು. ಕಣ್ಣಿನ ಹುಳುವೂ ಇಂದು ಅಲ್ಲಿದೆ.

ಮರಿಯು ಬಸವನಹುಳುವಿನ ಮೈಗೆ ಕಚ್ಚಿಕೊಂಡು, ತನ್ನೊಳಗೆ ಹೊತ್ತು ತಂದ ಮೊಮ್ಮಗುವನ್ನು ಒಳಕ್ಕೆ ನುಗ್ಗಿಸುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಕಣ್ಣೂ ಅದರ ಜೊತೆಯೇ ಹೋಯಿತು. ಒಳಹೊಕ್ಕ ಜೀವಿಗೆ ರೀಡಿಯಾ ಎಂದು ಹೆಸರು. ಅದು ನೇರ ಹೋಗಿ ಸೇರುವುದು ಎಲ್ಲಿಗೆ? ಬಸವನಹುಳುವಿನ ಹೃದಯಕ್ಕೆ! ಹವಾಯಿಯಲ್ಲಿ ಜೋಸೆಫ್ ಅಲಿಕಾಟಾ ಎಂಬ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಈ ಜೀವನಚಕ್ರವನ್ನು ಹಂತಹಂತವಾಗಿ ಬಿಡಿಸಿದರು. ಹಕ್ಕಿಯ ಕಣ್ಣಿನಿಂದ ಹೊರಟು ಬಸವನಹುಳುವಿನ ಹೃದಯದಲ್ಲಿ ಬಿಡಾರ ಹೂಡುವ ಜೀವಿ! ಬಡಿಯುವ ಹೃದಯದಲ್ಲಿ ಕುಳಿತು ಅದು ಮರಿ ಹಾಕುತ್ತದೆ. ಆ ಮರಿಗಳು ಜೀರ್ಣಗ್ರಂಥಿಗೆ ಹೋಗಿ ಇನ್ನಷ್ಟು ಮರಿ ಹಾಕುತ್ತವೆ. ಮೂರು ತಿಂಗಳ ಹೊತ್ತಿಗೆ ಚಿಪ್ಪಿನೊಳಗೆ ದೊಡ್ಡ ಸೈನ್ಯವೇ ನಿಂತಿರುತ್ತದೆ.

ಸೈನ್ಯ ಎಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸುತ್ತಿಲ್ಲ. 2011ರಲ್ಲಿ ನ್ಯೂಜಿಲೆಂಡಿನ ಲಿಯುಂಗ್ ಮತ್ತು ಪುಲಾನ್ ಎಂಬ ಸಂಶೋಧಕರು ಅಲ್ಲಿನ ಕಡಲತೀರದ ಬಸವನಹುಳುಗಳಲ್ಲಿರುವ ಇದೇ ಕುಲದ ಹುಳುವಿನ ಬಗ್ಗೆ ಬೆರಗಿನ ಸಂಗತಿ ವರದಿ ಮಾಡಿದರು. ಒಂದೇ ಚಿಪ್ಪಿನೊಳಗೆ ಎರಡು ಬಗೆಯ ರೀಡಿಯಾಗಳಿವೆ. ದೊಡ್ಡವು ಮರಿ ಹಾಕುತ್ತವೆ. ಸಣ್ಣವು ಬೇರೆ ಜಾತಿಯ ಹುಳು ಒಳಬಂದರೆ ಕಚ್ಚಿ ತಿಂದು ಹೊರಗಟ್ಟುತ್ತವೆ. ಇರುವೆಯಲ್ಲಿ, ಗೆದ್ದಲಿನಲ್ಲಿ ಮಾತ್ರ ಇದ್ದಾರೆಂದು ನಾವು ಓದಿಕೊಂಡ ಕಾವಲುಗಾರರು ಚಪ್ಪಟೆ ಹುಳುಗಳಲ್ಲೂ ಇದ್ದಾರೆ. 2024ರಲ್ಲಿ ಕ್ಯಾಲಿಫೋರ್ನಿಯಾದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿಗೆ ವಲಸೆ ಹೋದ ನಮ್ಮ ಮೆಲನಾಯ್ಡಿಸ್ ಬಸವನಹುಳುವಿನೊಳಗೇ ವಾಸಿಸುವ ಬೇರೊಂದು ಚಪ್ಪಟೆ ಹುಳುವಿನಲ್ಲಿ ಸಂಪೂರ್ಣ ಬಂಜೆಯಾದ, ದೊಡ್ಡ ಬಾಯಿಯ, ಕಾದಾಡುವುದಕ್ಕೆಂದೇ ಹುಟ್ಟುವ ಸೈನಿಕ ಪಂಗಡವಿದೆ ಎಂದು ಮೆಟ್ಜ್ ಮತ್ತು ಹೆಕಿಂಗರ್ ತೋರಿಸಿದರು. ಕೃಷ್ಣಾ ದಂಡೆಯಲ್ಲಿ ನಾವು ಮೆಟ್ಟಿ ನಡೆಯುವ ಎರಡು-ಮೂರು ಸೆಂಟಿಮೀಟರಿನ ಚಿಪ್ಪು. ಅದರೊಳಗೆ ಕೋಟೆಯೂ ಇರಬಹುದು, ಕಾಳಗವೂ ನಡೆಯುತ್ತಿರಬಹುದು!

ಸೈನ್ಯದ ಕೊನೆಯ ತಲೆಮಾರಿಗೆ ಬಾಲವಿದೆ. ಸರ್ಕೇರಿಯಾ ಎನ್ನುತ್ತಾರೆ. ಇವು ಚಿಪ್ಪಿನಿಂದ ಹೊರಬಂದು ಹೆಚ್ಚು ಹೊತ್ತು ಅಲೆಯುವುದಿಲ್ಲ. ಕಲ್ಲು, ಜೊಂಡಿನ ಕಾಂಡ, ಇನ್ನೊಂದು ಬಸವನಹುಳುವಿನ ಚಿಪ್ಪು, ಏಡಿಯ ಬೆನ್ನು, ಗಟ್ಟಿಯಾದದ್ದು ಯಾವುದು ಸಿಕ್ಕರೂ ಅಂಟಿಕೊಂಡು ನಿಮಿಷಗಳಲ್ಲೇ ಮೈಯಿಂದ ಅಂಟು ಸ್ರವಿಸಿ ಸುತ್ತಲೂ ಕೋಶ ಕಟ್ಟಿಕೊಳ್ಳುತ್ತವೆ. ಆ ಕೋಶದ ಆಕಾರ ಥೇಟ್ ನಮ್ಮ ಮಣ್ಣಿನ ಹೂಜಿಯದು: ಗುಂಡನೆಯ ಹೊಟ್ಟೆ, ಸಣ್ಣ ಕೊರಳು. ಆ ಕೊರಳಿನಲ್ಲೇ ಬಾಗಿಲು.

ಬಾಗಿಲು ತೆರೆಯುವ ಕೀಲಿ ಯಾವುದು ಊಹಿಸಿ. ಬಿಸಿ! ಕೆರೆಯ ನೀರು ಎಷ್ಟು ಕಾದರೂ ಸಾಮಾನ್ಯವಾಗಿ ಹಕ್ಕಿಯ ಬಾಯಿಯಷ್ಟು ಕಾಯದು. ಹಕ್ಕಿಯ ಮೈ ಸುಮಾರು 40-41 ಡಿಗ್ರಿ ಸೆಲ್ಸಿಯಸ್. ಬಾತೊಂದು ಬಸವನಹುಳುವನ್ನೋ ಜೊಂಡಿನ ಎಳೆಯನ್ನೋ ಬಾಯಿಗೆ ಹಾಕಿಕೊಂಡಿತೆನ್ನಿ. ಆ ಬಿಸಿ ತಗುಲಿದ್ದೇ ತಡ, ಕೋಶದ ಬಾಯಿ ತೆರೆದು ಹುಳು ಹೊರಬರುತ್ತದೆ. ಗಂಟಲಿಗೆ ಇಳಿದು ಜೀರ್ಣವಾಗುವ ಮೊದಲೇ ಅದು ಮೇಲಕ್ಕೆ ಹತ್ತಬೇಕು. ಅಂಗುಳದ ಸೀಳಿನ ಮೂಲಕ ಮೂಗಿಗೆ, ಅಲ್ಲಿಂದ ಕಣ್ಣೀರಿನ ನಾಳಕ್ಕೆ. ಕಣ್ಣೀರು ಕೆಳಕ್ಕೆ ಹರಿಯುತ್ತಿದೆ, ಹುಳು ಅದೇ ದಾರಿಯಲ್ಲಿ ಪ್ರವಾಹದ ಎದುರು ಮೇಲೇರುತ್ತಿದೆ! ಅದು ಮೂರನೆಯ ರೆಪ್ಪೆಯ ಅಡಿ ತಲುಪುತ್ತದೆ, ತಿಂಗಳೊಪ್ಪತ್ತಿನಲ್ಲಿ ಬೆಳೆದು ಮೊಟ್ಟೆಯಿಡುತ್ತದೆ. ಒಂಟಿಯಾಗಿದ್ದರೆ ತನ್ನನ್ನು ತಾನೇ ಫಲಿಸಿಕೊಳ್ಳಬಲ್ಲದು, ಜೊತೆಯಿದ್ದರೆ ಒಂದರೊಡನೊಂದು ಕೂಡುತ್ತವೆ. ಅಮೆರಿಕದ ಪಾಲ್ ನೋಲನ್ 1968ರಲ್ಲಿ ವಿಕಿರಣದ ಗುರುತು ಹಾಕಿದ ಹುಳುಗಳನ್ನು ಕೋಳಿಮರಿಗಳ ಕಣ್ಣಿಗೆ ಸೇರಿಸಿ, ಯಾವುದು ಯಾವುದರೊಡನೆ ಕೂಡಿತೆಂದು ಬೆನ್ನುಹತ್ತಿ ನೋಡಿದವರು.

ಯೋಚಿಸಿ. ಮೊಟ್ಟೆ ನೀರಿಗೇ ಬೀಳಬೇಕು. ಆ ನೀರಿನಲ್ಲಿ ಆ ಬಸವನಹುಳುವೇ ಇರಬೇಕು. ಅದು ಮೂರು ತಿಂಗಳು ಬದುಕಬೇಕು. ಹೊರಬಂದದ್ದಕ್ಕೆ ಕಲ್ಲು ಸಿಗಬೇಕು. ಆ ಕಲ್ಲಿನ ಹತ್ತಿರ ಹಕ್ಕಿ ಮೇಯಬೇಕು. ಒಂದು ಕೊಂಡಿ ತಪ್ಪಿದರೂ ಮುಗಿಯಿತು. ಆದರೂ ನಡೆಯುತ್ತದೆ, ಏಷ್ಯಾ, ಆಫ್ರಿಕ, ಅಮೆರಿಕ ಖಂಡಗಳ ಕೆರೆಗಳಲ್ಲಿ, ಹೊಳೆಗಳಲ್ಲಿ, ಇವತ್ತೂ.

ಒಂದು ಸಂಜೆ ಕೆರೆಯ ಏರಿಯ ಮೇಲೆ ಕುಳಿತು ದುರ್ಬೀನಿನಲ್ಲಿ ಬಕವೊಂದರ ರೆಪ್ಪೆಯನ್ನೇ ನೋಡುತ್ತಿದ್ದೆ. ಕುರಿ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತರು.

"ಏನ್ ನೋಡ್ಲತ್ತಿ ತಮ್ಮಾ?"

"ಹಕ್ಕಿ ಕಣ್ಣು ನೋಡ್ಲತ್ತೀನಿ ಮುತ್ಯಾ. ಕಣ್ಣಾಗ ಹುಳ ಇರ್ತಾವಂತ."

ಅವರಿಗೆ ಅಚ್ಚರಿಯೇ ಆಗಲಿಲ್ಲ. "ಇರ್ತಾವ ಬಿಡು. ನಮ್ಮ ಎತ್ತಿನ ಕಣ್ಣಾಗ ಇರಂಗಿಲ್ಲೇನು? ಸಣ್ಣಾನ ಬಿಳಿ ಹುಳ, ಗುಡ್ಡಿ ಮ್ಯಾಗ ಹರದಾಡ್ತದ. ನೊಣ ತಂದಿಕ್ತಾವ ಅದನ್ನ."

ನೊಣ ತಂದಿಕ್ಕುತ್ತವೆ! ಆ ಮಾತಿಗೆ ನಾನು ಎದ್ದು ನಿಂತೆ. ದನದ ಕಣ್ಣಿನ ಆ ದುಂಡು ಹುಳು ತೆಲಾಜಿಯಾ. ಅದರ ಮರಿಯನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ಸಾಗಿಸುವುದು ಕಣ್ಣೀರು ಹೀರಲು ಬಂದು ಕೂರುವ ನೊಣಗಳೇ. ಕೆರೆಯ ದಾರಿಯಷ್ಟೇ ಕಣ್ಣಿಗೆ ದಾರಿಯಲ್ಲ, ಗಾಳಿಯ ದಾರಿಯೂ ಇದೆ ಎಂದು ಆ ಮುತ್ಯಾ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಈ ತೆಲಾಜಿಯಾ ಬಳಗದ ಇನ್ನೊಂದು ಹುಳು ಮನುಷ್ಯನ ಕಣ್ಣಿಗೂ ಬರುತ್ತದೆ. ಭಾರತದಲ್ಲಿ ಅದರ ಮೊದಲ ವರದಿ 1948ರದು, ನಮ್ಮ ನೆರೆಯ ಸೇಲಂನಿಂದ. ಅಲ್ಲಿಂದೀಚೆಗೆ ಕರ್ನಾಟಕದ ನೇತ್ರವೈದ್ಯರೂ ರೋಗಿಗಳ ಕಣ್ಣಿನಿಂದ ಇಂಥ ಹುಳುಗಳನ್ನು ಹೊರತೆಗೆದು ವರದಿ ಮಾಡಿದ್ದಾರೆ. ಹಕ್ಕಿಗಣ್ಣಿನ ಚಪ್ಪಟೆ ಹುಳುವೂ ಅಪರೂಪಕ್ಕೆ ಮನುಷ್ಯನಲ್ಲಿ ಕಂಡದ್ದುಂಟು; 1958ರಲ್ಲಿ ಶ್ರೀಲಂಕಾದಿಂದ ಅಂಥದೊಂದು ವರದಿ ಬಂದಿದೆ. ಹೆದರಬೇಕಾದಷ್ಟು ಸಾಮಾನ್ಯವಲ್ಲ. ಕಾಲುವೆ ನೀರಿನಲ್ಲಿ ಕಣ್ಣು ತೊಳೆಯದಿದ್ದರೆ ಒಳ್ಳೆಯದು, ಅಷ್ಟೇ.

ನೆಲದ ದಾರಿಯೂ ಒಂದಿದೆ. 1870ರ ದಶಕದಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ವೈದ್ಯನಾಗಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಊರಕೋಳಿಗಳ ಕಣ್ಣಲ್ಲಿ ಒಂದು ದುಂಡುಹುಳು ಕಂಡ. ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯುತ್ತದೆಂದು 1877ರಲ್ಲಿ ಕಂಡುಹಿಡಿದವನೂ ಇವನೇ. ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಮಲೇರಿಯಾದ ಗುಟ್ಟು ಬಯಲು ಮಾಡಿದ ರೊನಾಲ್ಡ್ ರಾಸ್‌ಗೆ ಗುರುವಾದವನೂ ಇವನೇ. ಮ್ಯಾನ್ಸನ್ ಹೆಸರನ್ನೇ ಹೊತ್ತ ಆ ಕಣ್ಣುಹುಳು ಆಕ್ಸಿಸ್ಪೈರುರಾ ಮ್ಯಾನ್ಸೊನಿ. ಅದು ಕಣ್ಣಿಗೆ ಹೇಗೆ ಬರುತ್ತದೆಂದು ತಿಳಿಯಲು ಮತ್ತೆ ಸುಮಾರು ಐವತ್ತು ವರ್ಷ ಬೇಕಾಯಿತು. 1920ರ ದಶಕದಲ್ಲಿ ಆಸ್ಟ್ರೇಲಿಯಾದ ಫೀಲ್ಡಿಂಗ್ ಅದನ್ನು ಬಿಡಿಸಿದ. ಕಣ್ಣಿನ ಮೊಟ್ಟೆಗಳು ಕಣ್ಣೀರಿನ ಜೊತೆ ಬಾಯಿಗಿಳಿದು, ಹೊಟ್ಟೆ ದಾಟಿ, ಹಿಕ್ಕೆಯಲ್ಲಿ ನೆಲಕ್ಕೆ ಬೀಳುತ್ತವೆ. ತಿಪ್ಪೆಯ ಸಡಿಲ ಮಣ್ಣಿನಲ್ಲಿ ಬಿಲ ತೋಡಿಕೊಂಡಿರುವ ಒಂದು ಜಾತಿಯ ಜಿರಳೆ ಅವನ್ನು ತಿನ್ನುತ್ತದೆ. ಜಿರಳೆಯೊಳಗೆ ಹುಳು ಸುಮಾರು ಐವತ್ತು ದಿನ ಬೆಳೆಯುತ್ತದೆ. ಹಕ್ಕಿ ಜಿರಳೆಯನ್ನು ನುಂಗಿದ್ದೇ ತಡ, ಹುಳು ಅದರ ಮೈ ಸೀಳಿ ಹೊರಬಂದು, ಅನ್ನನಾಳವನ್ನು ಹತ್ತಿ, ಬಾಯಿಗೆ ಬಂದು, ಕಣ್ಣೀರಿನ ನಾಳ ಹಿಡಿದು ಕೆಲವೇ ನಿಮಿಷಗಳಲ್ಲಿ ಕಣ್ಣು ಸೇರಿಬಿಡುತ್ತದೆ. ನಿಮಿಷಗಳಲ್ಲಿ! ಹವಾಯಿಯಲ್ಲಿ ಈ ಹುಳುವನ್ನು ಹೊತ್ತ ಕಾಡುಹಕ್ಕಿಗಳನ್ನು ಹುಡುಕಿದಾಗ ಸಿಕ್ಕವುಗಳಲ್ಲಿ ಗೊರವಂಕವೂ ಒಂದು. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಿಂದ ಅಲ್ಲಿಗೆ ಕೊಂಡೊಯ್ದು ಬಿಟ್ಟ, ನಮ್ಮ ಅಂಗಳದ ಅದೇ ಗೊರವಂಕ.

ನೀರಿನಿಂದ ಒಂದು, ತಿಪ್ಪೆಯಿಂದ ಒಂದು, ನೊಣದ ಬೆನ್ನೇರಿ ಒಂದು. ಮೂರರ ದಾರಿಯೂ ಬೇರೆ ಬೇರೆ, ಸೇರುವ ಮನೆ ಮಾತ್ರ ಒಂದೇ. ಮೈಯ ಹೊರಗೂ ಅಲ್ಲದ, ಪೂರ್ತಿ ಒಳಗೂ ಅಲ್ಲದ ಆ ಚಿಕ್ಕ ಮಡಿಕೆ. ಜಠರದ ಆಮ್ಲ ಅಲ್ಲಿಗೆ ತಲುಪದು, ಕೊಕ್ಕು ತಲುಪದು, ಹೊರಜಗತ್ತಿಗೆ ಬಾಗಿಲು ಮಾತ್ರ ಯಾವಾಗಲೂ ತೆರೆದಿರುತ್ತದೆ.

ಹಕ್ಕಿಗೆ ನೋವಿಲ್ಲವೇ? ಇದೆ, ಅದನ್ನು ಮರೆತು ಬರೀ ಬೆರಗಾಗುವುದು ಅನ್ಯಾಯ. ಒಂದೆರಡು ಹುಳುವಿದ್ದರೆ ಎಷ್ಟೋ ಹಕ್ಕಿಗಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಸಂಖ್ಯೆ ಏರಿದಾಗ ಕಣ್ಣು ಕೆಂಪಾಗುತ್ತದೆ, ಊದುತ್ತದೆ, ನೀರು ಸೋರಿ ಸುತ್ತಲ ಪುಕ್ಕ ಅಂಟಿಕೊಳ್ಳುತ್ತದೆ, ಬೆಳಕಿಗೆ ಕಣ್ಣು ಬಿಡಲಾಗದೆ ಹಕ್ಕಿ ಮೇಯುವುದನ್ನೇ ಕಡಿಮೆ ಮಾಡಿ ಬಡವಾಗುತ್ತದೆ. ಕಣ್ಣನ್ನೇ ನಂಬಿ ಬದುಕುವ ಬಕಕ್ಕೆ, ಮಿಂಚುಳ್ಳಿಗೆ, ಹದ್ದಿಗೆ ಕಣ್ಣು ಮಂಜಾಗುವುದೆಂದರೆ ಅನ್ನ ನಿಂತಂತೆ. ಇದರ ನಡುವೆ ಬಣ್ಣದ ಕೊಕ್ಕರೆಯನ್ನು ಗಮನಿಸಿ. ಅದು ಮೀನು ಹಿಡಿಯುವುದು ಸ್ಪರ್ಶದಿಂದ. ಅರೆತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿ ಅತ್ತಿತ್ತ ಆಡಿಸುತ್ತ ಮೀನು ತಾಗಿದ ಕೂಡಲೇ ಮುಚ್ಚುತ್ತದೆ. ಒಂದೇ ಕೆರೆಯಲ್ಲಿ, ಪಕ್ಕಪಕ್ಕದಲ್ಲೇ ನಿಂತ ಎರಡು ಹಕ್ಕಿಗಳಿಗೆ ಕಣ್ಣಿನ ಬೆಲೆ ಎಷ್ಟು ಬೇರೆ!

ಅಂಥ ಹಕ್ಕಿ ಸಿಕ್ಕರೆ ದಯವಿಟ್ಟು ನೀವೇ ಕಡ್ಡಿ ಹಾಕಿ ಹುಳು ಕೀಳಲು ಹೋಗಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲು ಮಾಡಿ ಇಟ್ಟು ಅರಣ್ಯ ಇಲಾಖೆಯವರಿಗೆ ತಿಳಿಸಿ. ಪಶುವೈದ್ಯರು ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಮೂರನೆಯ ರೆಪ್ಪೆ ಎತ್ತಿ, ಚಿಮಟದಿಂದ ಒಂದೊಂದಾಗಿ ಹೊರತೆಗೆಯುತ್ತಾರೆ.

ಇಷ್ಟಾದ ಮೇಲೂ ಈ ಹುಳುಗಳಿರುವ ಕೆರೆ ರೋಗದ ಕೆರೆ ಎಂದುಕೊಳ್ಳಬೇಡಿ. ನನ್ನ ಅರಿವನ್ನು ತಲೆಕೆಳಗು ಮಾಡಿದ ಸಂಗತಿ ಇದೇ. 2005ರಲ್ಲಿ ರಯಾನ್ ಹೆಕಿಂಗರ್ ಮತ್ತು ಕೆವಿನ್ ಲಾಫರ್ಟಿ ಕ್ಯಾಲಿಫೋರ್ನಿಯಾದ ಉಪ್ಪುಜೌಗಿನಲ್ಲಿ ಎರಡು ಲೆಕ್ಕ ಇಟ್ಟರು. ಯಾವ ಜಾಗದಲ್ಲಿ ಎಷ್ಟು ಹಕ್ಕಿ, ಎಷ್ಟು ಬಗೆಯ ಹಕ್ಕಿ. ಅದೇ ಜಾಗದ ಬಸವನಹುಳುಗಳೊಳಗೆ ಎಷ್ಟು ಬಗೆಯ ಚಪ್ಪಟೆ ಹುಳು. ಎರಡೂ ಜೊತೆಜೊತೆಯಾಗಿ ಏರಿದವು! ಹಕ್ಕಿಗಳ ಬಗೆ ಹೆಚ್ಚಿದಷ್ಟೂ ಬಸವನಹುಳುವಿನೊಳಗಿನ ಹುಳುಗಳ ಬಗೆಯೂ ಹೆಚ್ಚು. ಅಂದರೆ ಹಕ್ಕಿ ಹಾರಿಹೋದ ಮೇಲೂ ಅದು ಬಂದಿತ್ತೆಂಬ ದಾಖಲೆ ಕೆಸರಿನಲ್ಲಿ ಉಳಿದಿರುತ್ತದೆ. ಬಸವನಹುಳುವಿನ ಚಿಪ್ಪೇ ಕೆರೆಯ ಹಾಜರಿ ಪುಸ್ತಕ!

ಈ ಬೆಳಕಿನಲ್ಲಿ ನಮ್ಮ ಸಗರನಾಡನ್ನು ನೋಡಿ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಎರೆಹೊಲಗಳಲ್ಲಿ ಭತ್ತ ನಿಂತಿತು. ಜೋಳ, ತೊಗರಿಯ ಒಣನೆಲದಲ್ಲಿ ಈಗ ನಿಂತ ನೀರಿದೆ, ಜೊಂಡಿದೆ, ಬಸವನಹುಳುವಿದೆ, ಬೆಳ್ಳಕ್ಕಿಯಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಉತ್ತರ ಕರ್ನಾಟಕದ ಕೆರೆಗಳಿಗೆ ಇಳಿಯುತ್ತವೆ. ಉಪಗ್ರಹದ ಪಟ್ಟಿ ಕಟ್ಟಿ ಹಿಂಬಾಲಿಸಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಪ್ರಾಣವಾಯು ತೆಳುವಾದ, ಕೊರೆಯುವ ಆ ಎತ್ತರದಲ್ಲೂ ಹೆಬ್ಬಾತಿನ ಮೂರನೆಯ ರೆಪ್ಪೆಯ ಹಿಂದಿನ ನೀರು ಹೆಪ್ಪುಗಟ್ಟುವುದಿಲ್ಲ. ಅಲ್ಲಿ ಯಾರಾದರೂ ವಾಸವಿದ್ದರೆ ಅವರಿಗೆ ಹಿಮಾಲಯ ದಾಟಿದ್ದೇ ತಿಳಿಯದು.

ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ನನ್ನದೊಂದು ಬೇಡಿಕೆ. ಬೋನಾಳ ರಕ್ಷಿತ ಪಕ್ಷಿಧಾಮ, ಅಲ್ಲಿಂದ ಅನುಮತಿಯಿಲ್ಲದೆ ಏನನ್ನೂ ಎತ್ತಬಾರದು. ನಿಮ್ಮೂರ ಕಾಲುವೆ ಸಾಕು. ಹಕ್ಕಿಗಳು ಮೇಯುವ ಕಡೆಯ ಮರಳಿನಿಂದ ಚೂಪುತುದಿಯ ಬಸವನಹುಳುಗಳನ್ನು ಕೈಗವಸು ಹಾಕಿ ಆರಿಸಿ. ಒಂದೊಂದನ್ನು ಒಂದೊಂದು ಗಾಜಿನ ಲೋಟದಲ್ಲಿ, ಸೋಸಿದ ಕೆರೆನೀರಿನಲ್ಲಿ ಇಟ್ಟು ಬೆಳಕಿಗೆ ಬಿಡಿ. ಕೆಲವು ಗಂಟೆ ಕಾಯಿರಿ. ಕೆಲವು ಲೋಟಗಳ ನೀರಿನಲ್ಲಿ ಬಾಲ ಬಡಿಯುವ ಕಣಗಳು ಕಾಣಿಸಬಹುದು. ಅವು ಗಾಜಿನ ಗೋಡೆಗೆ ಅಂಟಿ ಹೂಜಿಯಾಗತೊಡಗಿದರೆ ಕಾಲೇಜಿನ ಸೂಕ್ಷ್ಮದರ್ಶಕ ತನ್ನಿ. ಆಮೇಲೆ ನೀರನ್ನು ನಲವತ್ತು ಡಿಗ್ರಿಗೆ ಬೆಚ್ಚಗೆ ಮಾಡಿ, ಉಷ್ಣಮಾಪಕ ಹಿಡಿದು ಅಳೆದು, ಆ ಗಾಜಿನ ಮೇಲೆ ಹನಿಸಿ ನೋಡುತ್ತ ಕುಳಿತುಕೊಳ್ಳಿ. ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ, ಮುಗಿದ ಮೇಲೆ ಲೋಟಗಳಿಗೆ ಕುದಿನೀರು ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ. ಯಾವ ಊರು, ಯಾವ ಕಾಲುವೆ, ಯಾವ ತಾರೀಖು, ಎಷ್ಟು ಬಸವನಹುಳುಗಳಲ್ಲಿ ಎಷ್ಟರಿಂದ ಹುಳು ಬಂತು, ಅಲ್ಲಿ ಅಂದು ಯಾವ ಹಕ್ಕಿಗಳಿದ್ದವು, ಎಲ್ಲವನ್ನೂ ಬರೆದಿಟ್ಟು ನಿಮ್ಮ ಮೇಷ್ಟ್ರಿಗೆ ತೋರಿಸಿ.